ಸಾಲಿಗೆ ಬನ್ನಿ ಸಾರ್

"ಇದು ನಿಂದು, ಇದು ಅವಳದು. ಈಗ ಹೇಳಮ್ಮಾ, ಯಾರ ಜೇಬಿಗೆ ಯಾರು ಕೈ ಹಾಕಿದ್ದು?" ಚಾನೆಲ್ಲಿನ ಮುಖ್ಯಸ್ಥರು ತಮ್ಮ ಕೋಣೆಗೇ ಅಂಟಿಕೊಂಡಿದ್ದ ಸ್ವಂತ ಶೌಚಾಲಯದಿಂದ ಕೈ ಒರೆಸಿಕೊಳ್ಳುತ್ತ ಹೊರಬಂದರು. ಗೋಡೆಯ ಟಿವಿಯಲ್ಲಿ ಎರಡು ಚಿತ್ರಗಳು ಪಕ್ಕಪಕ್ಕ ನಿಂತಿದ್ದವು. ಎಡಗಡೆ, ಎದುರಿಗೆ ನಿಂತಿದ್ದ ಲೇಖಕಿಯ ಹಾಸ್ಯ ಧಾರಾವಾಹಿಯ ಹೋದ ವಾರದ ಕಂತು. ಬಲಗಡೆ ಹೆಸರೂ ಬಾಯಿಗೆ ಬಾರದ ದೂರದ ದೇಶವೊಂದರ ಧಾರಾವಾಹಿ, ಇದಕ್ಕಿಂತ ಹಳೆಯದು. ಯಾರೋ ಎರಡನ್ನೂ ಜೋಡಿಸಿ ಊರ ಫೋನುಗಳಿಗೆಲ್ಲ ಹಂಚಿದ್ದರು. ಬೆಳಗಾಗುವಷ್ಟರಲ್ಲಿ ಲೇಖಕಿ 'ನಗೆಗಳ್ಳಿ' ಆಗಿಬಿಟ್ಟಿದ್ದಳು.

"ಸಂಜೆ ಕಂತಿಗೆ ಮುಂಚೆ ಪರದೆ ಮೇಲೆ ಬಂದು, ಕದ್ದೆ, ತಪ್ಪಾಯ್ತು ಅನ್ನು. ಇಲ್ಲಾಂದ್ರೆ ಧಾರಾವಾಹಿ ಇವತ್ತಿಗೇ ಮುಗೀತು."

"ನಾನು ಅದನ್ನ ನೋಡೇ ಇಲ್ಲ ಸಾರ್. ಒಂದ್ಸಲ ಹಾಕಿ."

"ಎಲ್ಲ ಕಳ್ಳರೂ ಹೇಳೋದು ಇದನ್ನೇ."

ಸೋಫಾದ ತುದಿಯಲ್ಲಿ ಕೂತಿದ್ದ ಎಡಿಟರ್ ಅಕ್ಕ ರಿಮೋಟು ಎತ್ತಿಕೊಂಡಳು. ಲೇಖಕಿಯ ಕಂತನ್ನು ಪ್ರಸಾರಕ್ಕೆಂದು ಕತ್ತರಿಸಿ ಜೋಡಿಸಿದವಳು ಅವಳೇ. ತಲೆ ನರೆತಿತ್ತು, ನಾಲಿಗೆ ಮಾತ್ರ ಹೊಸ ಬ್ಲೇಡು. "ನೋಡ್ಲಿ ಬಿಡಿ ಸಾರ್. ಗಲ್ಲಿಗೆ ಹಾಕೋರಿಗೂ ಕೊನೇ ಆಸೆ ಏನು ಅಂತ ಕೇಳ್ತಾರೆ."

ಲೇಖಕಿಯ ಕಂತು ನಡೆಯುವುದು ಹೊಲಿಗೆ ಕಾರ್ಖಾನೆಯಲ್ಲಿ. ಬರೆಯಲು ಬರುವ ಮುಂಚೆ ಅವಳೇ ಅಂಥ ಕಡೆ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದವಳು. ಅಷ್ಟೂ ಹೆಂಗಸರಿಗೆ ಶೌಚಾಲಯದ ಬೀಗದ ಕೈ ಒಂದೇ, ಅದೂ ಸೂಪರ್‌ವೈಸರನ ಮೇಜಿನ ಮೇಲೆ. "ಆಗ್ಲೇ ಹೋಗಿ ಬಂದ್ಯಲ್ಲ, ಮತ್ತೆ ಯಾಕೆ?" ಎಂದು ಎಲ್ಲರೆದುರು ಕೇಳದೆ ಅವನು ಕೊಡುವವನಲ್ಲ. ಒಂದು ದಿನ ಅವನ ಹೊಟ್ಟೆ ಕೆಡುತ್ತದೆ, ಅದೇ ದಿನ ಅವನ ಶೌಚಾಲಯ ಕಟ್ಟಿಕೊಳ್ಳುತ್ತದೆ. ಹೆಂಗಸರದ್ದಕ್ಕೆ ಓಡಿ ಬಂದರೆ ಬೀಗದ ಕೈ ಆಗಲೇ ಸಾಲುಗಟ್ಟಿದ ಹೆಂಗಸರ ಹತ್ತಿರ. "ಸಾಲಿಗೆ ಬನ್ನಿ ಸಾರ್" ಎನ್ನುತ್ತಾಳೆ, ಅವರಲ್ಲೆಲ್ಲ ಹಿರಿಯಳು. ಈ ಒಂದು ಮಾತಿಗೆ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತ್ತು.

ಬಲಗಡೆಯ ಚಿತ್ರ ಓಡತೊಡಗಿತು. ಅಲ್ಲಿಯದು ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಆಡಿದ ಒಂದು ಮಾತೂ ತಿಳಿಯಲಿಲ್ಲ. ಆದರೆ ತಿಳಿಯದೆ ಉಳಿದದ್ದು ಒಂದೂ ಇರಲಿಲ್ಲ. ಅದೇ ಹೊಟ್ಟೆನೋವು, ಅದೇ ಓಟ, ಅದೇ ಸಾಲು. ಬೀಗದ ಕೈಗೆ ಮಾತ್ರ ಮೊಳದುದ್ದದ ಹಲಗೆ ಕಟ್ಟಿತ್ತು: ಯಾರೂ ಜೇಬಿಗಿಳಿಸದಂತೆ, ಯಾರು ಎಲ್ಲಿಗೆ ಹೊರಟರೆಂದು ಕಾರ್ಖಾನೆಗೆಲ್ಲ ಕಾಣುವಂತೆ. ಹೆಂಗಸರು ಆ ಹಲಗೆಯನ್ನು ಅವಸರವಿಲ್ಲದೆ ಕೈಯಿಂದ ಕೈಗೆ ದಾಟಿಸಿದರು. ಪ್ರತಿಯೊಬ್ಬಳೂ ಹುಟ್ಟಿದ ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು, ಇದು ಯಾರ ಹೋಲಿಕೆಯೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. ಕಾದು ನಿಂತ ಅಲ್ಲಿಯ ಸೂಪರ್‌ವೈಸರನ ಮೊಣಕಾಲುಗಳು ಒಂದನ್ನೊಂದು ತಬ್ಬಿಕೊಂಡವು. ಕೊನೆಗೆ ಸಿಕ್ಕಾಗ ಹಲಗೆಯನ್ನು ಎದೆಗವಚಿಕೊಂಡು, ತಲೆಬಾಗಿ ನಿಂತ ಹೆಂಗಸರ ನಡುವೆ ಆ ಉದ್ದ ಹಾದಿ ನಡೆದ.

ಲೇಖಕಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ, ಹಲಗೆ! ಅಕ್ಕ, ಇನ್ನೊಂದ್ಸಲ ಹಾಕೇ. ಯಾರು ಸಾರ್ ಇದನ್ನ ಬರೆದೋಳು? ಕೂಸಿನ ಥರ ಎತ್ಕೊಂಡ್ರಲ್ಲ! ಅವಳ ಕೈಗೆ ಬಂಗಾರದ ಕಡಗ ಹಾಕ್ಬೇಕು."

"ಕಳ್ಳಿ ಅಂತ ಊರು ಉಗೀತಿದೆ, ನಿನಗೆ ಕಡಗದ ಚಿಂತೆ!"

"ನಮ್ಮ ಕಾರ್ಖಾನೇಲೂ ಹಲಗೆ ಇತ್ತು ಸಾರ್. ಕೆಂಪು ಬಣ್ಣದ್ದು. ಅದನ್ನ ಹಿಡ್ಕೊಂಡು ಅಷ್ಟು ಗಂಡಸರ ಮುಂದೆ ನಡೆದಿದೀನಿ. ಬರೀವಾಗ ನಾಚಿಕೆಯಾಯ್ತು, ಬಿಟ್ಟೆ. ಇವಳು ಬಿಡಲಿಲ್ಲ ನೋಡಿ." ಅವಳ ನಗು ನಿಂತಿತ್ತು. ನಿಂತ ಚಿತ್ರವನ್ನೇ ನೋಡುತ್ತಿದ್ದಳು. "ಕದಿಯೋಳು ಬಂಗಾರ ಬಿಟ್ಟು ಹಿತ್ತಾಳೆ ಕದೀತಾಳಾ ಸಾರ್?"

"ಕಥೆ ಕಟ್ಟಬೇಡ. ಯಾವ ಲೋಕದಲ್ಲಿ ಟಾಯ್ಲೆಟ್ ಕೀಗೆ ಹಲಗೆ ಕಟ್ತಾರೆ? ಯಾವನೋ ತಲೆ ಕೆಟ್ಟೋನಿಗೆ ಹೊಳೆಯೋ ಹಾಸ್ಯ ಅದು. ಒಬ್ಬರಿಗೆ ಹೊಳೆದದ್ದೇ ಹೆಚ್ಚು. ಸಮುದ್ರದ ಆ ಕಡೆ ಒಬ್ಬಳಿಗೆ, ಈ ಕಡೆ ಒಬ್ಬಳಿಗೆ ಹೊಳೀತು ಅಂದ್ರೆ ನನ್ನ ಕಿವಿ ಮೇಲೆ ಹೂವು ಇಡ್ತಿದೀಯ."

ಎಡಿಟರ್ ಅಕ್ಕ ಮೇಲೆದ್ದು, "ಬಂದೆ" ಎಂದಷ್ಟೇ ಹೇಳಿ ಹೊರಗೆ ಹೋದಳು.

"ಅವಳು ಬರೋಷ್ಟರಲ್ಲಿ ತೀರ್ಮಾನ ಮಾಡು. ತಪ್ಪಾಯ್ತು ಅಂತೀಯೋ, ಇಲ್ವೋ?"

"ಪರದೆ ಮೇಲೆ ಬರ್ತೀನಿ ಸಾರ್. ನಂದನ್ನ ನೋಡಿ ನಕ್ಕೋರೆಲ್ಲ ಅವಳದನ್ನೂ ನೋಡಿ, ಅವಳು ನನಗಿಂತ ಚೆನ್ನಾಗಿ ಬರೆದಿದಾಳೆ ಅಂತೀನಿ. ಕದ್ದೆ ಅನ್ನಲ್ಲ. ನಾವಿಬ್ಬರೂ ಯಾರ ಮನೆಗೂ ಕನ್ನ ಹಾಕಿಲ್ಲ. ಒಂದೇ ಸಾಲಲ್ಲಿ ನಿಂತಿದ್ವಿ, ಅಷ್ಟೇ."

"ಹಾಗಾದ್ರೆ ನಿನ್ನ ಧಾರಾವಾಹಿ..."

ಬಾಗಿಲು ತೆರೆಯಿತು. ಎಡಿಟರ್ ಅಕ್ಕ ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಬಂದು, ಮುಖ್ಯಸ್ಥರ ಗಾಜಿನ ಮೇಜಿನ ಮೇಲೆ ಒಂದು ವಸ್ತುವನ್ನು ಇಟ್ಟಳು. ಇಟ್ಟಿಗೆಯಷ್ಟು ದೊಡ್ಡ ಹಳೆಯ ವಿಡಿಯೊ ಕ್ಯಾಸೆಟ್ಟು. ಅದಕ್ಕೆ ತೂತು ಕೊರೆದು, ತಂತಿ ಪೋಣಿಸಿ, ತಂತಿಯ ತುದಿಗೆ ಬೀಗದ ಕೈಯೊಂದನ್ನು ಬಿಗಿದಿದ್ದರು. ಎಷ್ಟೋ ಕೈಗಳು ಹಿಡಿದು ಹಿಡಿದು ಕ್ಯಾಸೆಟ್ಟಿನ ಅಂಚು ನುಣ್ಣಗಾಗಿತ್ತು.

ಮುಖ್ಯಸ್ಥರು ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಏನಿದು?"

"ಕೆಳಗಿನ ಮಹಡಿ ಹೆಂಗಸರದು ಸಾರ್," ಎಂದಳು ಅಕ್ಕ. "ಬೇಗ ನೋಡಿ ಕೊಟ್ಬಿಡಿ. ಸಾಲು ನಿಂತಿದೆ."