ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ

ಮಗಳ ಎರಡನೇ ಜಡೆಗೆ ರಿಬ್ಬನ್ ಕಟ್ಟುತ್ತಲೇ ಅವಳು ಕೇಳಿದಳು, "ರಸ್ತೆ ದಾಟುವಾಗ ಮೊದಲು ಯಾವ ಕಡೆ ನೋಡಬೇಕು?"

"ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ದಿನಾ ಎಷ್ಟು ಸಲ ಕೇಳ್ತೀಯಮ್ಮಾ?"

ಪೇಪರು ಓದುತ್ತಿದ್ದ ಗಂಡ ನಕ್ಕ. "ಎಂಟು ವರ್ಷದ ಮಗೂನ ಟ್ರಾಫಿಕ್ ಪೊಲೀಸ್ ಮಾಡ್ತೀಯೇನೇ? ಕೈ ಹಿಡಿದು ದಾಟಿಸೋಕೆ ನೀನಿದ್ದೀಯಲ್ಲ."

ಅವಳು ಊಟದ ಡಬ್ಬಿಯ ಮುಚ್ಚಳ ಒತ್ತಿ ಚೀಲಕ್ಕಿಟ್ಟಳು.

ಶಾಲೆಯ ಎದುರಿನ ರಸ್ತೆಯಂಚಿನಲ್ಲಿ ಮಗಳ ಕೈ ಹಿಡಿದು ನಿಂತು, "ಏನೇನು ಬರ್ತಿದೆ, ಜೋರಾಗಿ ಹೇಳು," ಎಂದಳು.

"ಹಾಲಿನ ವ್ಯಾನು. ಅದರ ಹಿಂದೆ ಆಟೊ. ಎರಡೂ ಹೋದ್ವು."

ಅವಳು ಮಗಳನ್ನು ಎಳೆದುಕೊಂಡು ಹೆಜ್ಜೆ ಇಟ್ಟಳು.

"ಅಮ್ಮಾ, ಬೈಕು!"

ಮಗಳು ಮೈಯೆಲ್ಲ ಭಾರ ಹಾಕಿ ಅವಳನ್ನು ಹಿಂದಕ್ಕೆ ಜಗ್ಗಿದಳು. ಬೈಕು ಸೆರಗಿಗೆ ತಾಗಿಕೊಂಡೇ ಹೋಯಿತು.

"ನೀನೇ ಹೇಳಿಕೊಟ್ಟು ನೀನೇ ನೋಡಲಿಲ್ವಲ್ಲ!"

"ನಿನಗೆ ಪರೀಕ್ಷೆ ಇಟ್ಟಿದ್ದೆ ಕಣೇ."

"ಹಂಗಾದ್ರೆ ನಾನು ಪಾಸಾ?"

"ಪಾಸು."

ರಸ್ತೆ ದಾಟಿದ ಮೇಲೆ ಮಗಳು ಕುಣಿಯುತ್ತ ಗೇಟಿನೊಳಗೆ ಓಡಿದಳು. ನಾಳೆಯಿಂದ ಅವಳ ಕೈ ಹಿಡಿಯಬಾರದು, ಮಗು ಒಬ್ಬಳೇ ದಾಟಲಿ ಎಂದು ತಾಯಿ ಅಲ್ಲೇ ನಿಂತು ತೀರ್ಮಾನಿಸಿದಳು. ತನ್ನ ಎರಡೂ ಕಣ್ಣಿನ ನೋಟ ಅಂಚಿನಿಂದ ಮುಚ್ಚುತ್ತ ಬರುತ್ತಿದೆ, ಹೋದದ್ದು ಮರಳುವುದಿಲ್ಲ ಎಂದು ಮೂರು ವಾರದ ಹಿಂದೆ ಡಾಕ್ಟರು ಅಂದದ್ದನ್ನು ಮನೆಯಲ್ಲಿ ಹೇಳಿರದ ಹಾಗೆಯೇ, ಇದನ್ನೂ ಅವಳು ಯಾರಿಗೂ ಹೇಳಲಿಲ್ಲ.