ಕಮಾನಿನ ಎರಡು ಹೂವು

ನಮ್ಮೂರಿನ ಹಳೇ ಮ್ಯೂಸಿಯಂಗೆ ಈಗ ಮತ್ತೆ ಗಚ್ಚು ಹಾಕುತ್ತಿದ್ದಾರೆ. ಬೆಲ್ಲದ ನೀರು ಬೆರೆಸಿದ ಸುಣ್ಣದ ವಾಸನೆಗೆ ನನಗೆ ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಜೋರಾಪುರ ಪೇಟೆಯ ನಮ್ಮ ನೆರೆಮನೆಯ, ಗಾರೆ ಕೆಲಸದ ಗವಂಡಿ ಹುಸೇನಜ್ಜ ಮ್ಯೂಸಿಯಂನ ಬಾಗಿಲ ಕಮಾನಿನ ಮೇಲೆ ಉದುರಿಹೋಗಿದ್ದ ಗಚ್ಚಿನ ಹೂಗಳನ್ನು ಹೊಸದಾಗಿ ಮೂಡಿಸುತ್ತಿದ್ದ. ಎಡಕ್ಕೊಂದು, ಬಲಕ್ಕೊಂದು, ತಟ್ಟೆಯಷ್ಟು ಅಗಲ. ಎಸಳಿನ ಅಂಚು ಉಗುರಿನಷ್ಟು ತೆಳು. ಪಕ್ಕದ ಕಲ್ಲಿನ ಜಾಲಂಧ್ರದಿಂದ ಬಿಸಿಲು ನೆಲದ ಮೇಲೆ ಚಿಕ್ಕೆಗಳಾಗಿ ಬಿದ್ದಿತ್ತು. ಅಜ್ಜ ನಮಾಜಿಗೆ ಹೋದಾಗ ನಾನು ಅಟ್ಟಣಿಗೆ ಹತ್ತಿ, ಬಲಗಡೆಯ ಹಸಿ ಹೂವಿನ ನಡುವೆ ಹೆಬ್ಬೆಟ್ಟು ಒತ್ತಿದೆ. ಬೆಣ್ಣೆಯಂತೆ ತಣ್ಣಗೆ ಒಳಗಿಳಿಯಿತು.

ಮರಳಿ ಬಂದ ಅಜ್ಜ ಹೂವಿನ ಕುಳಿ ನೋಡಿ, ಕೆಳಗೆ ಸುಣ್ಣ ಕಲಸುತ್ತಿದ್ದ ಮೊಮ್ಮಗಳು ಮುಮ್ತಾಜಳನ್ನು ಬೈದ. "ಕೈ ಸುಮ್ಮನಿರಂಗಿಲ್ಲೇನ ನಿಂದು?"

ಅವಳು ನನ್ನತ್ತ ನೋಡಿದಳು. ನಾನು ಕೈ ಹಿಂದೆ ಕಟ್ಟಿಕೊಂಡೆ.

ಅಷ್ಟರಲ್ಲಿ ನನ್ನ ಚಡ್ಡಿಗೆ ಹತ್ತಿದ್ದ ಸುಣ್ಣ ಅಜ್ಜನ ಕಣ್ಣಿಗೆ ಬಿತ್ತು. ತಪ್ಪು ಯಾರದೆಂದು ಅವನಿಗೆ ತಿಳಿಯಿತು. ಮುಮ್ತಾಜಳನ್ನು ಅಟ್ಟಣಿಗೆ ಹತ್ತಿಸಿ, "ಕಮಾನಿಗೆ ಎರಡೂ ಕಡಿ ಒಂದಽ ಥರ ಇರಬೇಕವ್ವಾ. ಬೈಸಿಕೊಂಡಾಕಿ ನೀ, ಎಡಗಡಿದು ನೀನಽ ಒತ್ತು" ಅಂದ.

ಒತ್ತಿದವಳು ತಿರುಗಿ ನಕ್ಕಳು. "ನಂದಽ ಚೊಲೋ ಬಿದ್ದೈತಿ ನೋಡಲೇ."

ಆಗಲೂ ನಾನು ತಪ್ಪು ನನ್ನದೆನ್ನಲಿಲ್ಲ.

ನಿನ್ನೆ ಕೆಲಸ ನೋಡಲು ಹೋಗಿದ್ದ ನಾನು, ಹೊಸ ಗವಂಡಿ ಆ ಎರಡು ಕುಳಿ ಮುಚ್ಚಲು ಹೊರಟಾಗ ತಡೆದು, ಬಲಗಡೆಯದು ನನ್ನ ಬೆರಳಿನದು ಎಂದು ಮೊದಲ ಸಲ ಬಾಯಿಬಿಟ್ಟೆ. ಮುಮ್ತಾಜ್ ಈಗ ತಿಕೋಟಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾಳೆ ಬಸ್ಸು ಹತ್ತಿ ಹೋಗಿ ಅವಳಿಗೂ ಹೇಳಿ ಬರುತ್ತೇನೆ.