ಅಪ್ಪ ಕೇಳಿದ ಮೊದಲ ಮಾತು

ಹುಚ್ಚೆಳ್ಳು ಹುರಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಜೈಲಿನ ಬಾಗಿಲು ನೆನಪಾಗುತ್ತದೆ.

ಹೊಲದ ಜಗಳದಲ್ಲಿ ಕೈಮಾಡಿದವನು ಚಿಕ್ಕಪ್ಪ. ತಪ್ಪು ತನ್ನದೆಂದು ಒಪ್ಪಿಕೊಂಡು ಒಳಗೆ ಹೋದವನು ಅಪ್ಪ. ಅವನಿಗೆಂದು ಅವ್ವ ಬರಗೂರಿನಿಂದ ಒಯ್ದಿದ್ದ ಹುಚ್ಚೆಳ್ಳು ಚಟ್ನಿಪುಡಿಯನ್ನು ಬಾಗಿಲಲ್ಲೇ ತಡೆದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಅವ್ವನಿಗೆ, "ಅವನ ಮುಂದೆ ಅಳಬ್ಯಾಡ ಕಣಮ್ಮ. ಮನೇಲಿ ಎಲ್ಲಾ ಚೆನ್ನಾಗೈತೆ ಅನ್ನು" ಎಂದಳು.

ಜಾಲರಿಯ ಆಚೆ ಬಂದು ನಿಂತ ಅಪ್ಪ ಮೊದಲು ಕೇಳಿದ್ದು, "ತಮ್ಮ ಬರ್ನಿಲ್ವಾ?"

"ಕುರಿ ಬುಟ್ಟು ಬರಾಕಾಗ್ನಿಲ್ಲ. ದಿನಾ ನಿಮ್ಮ ಮಾತೇ ಆಡ್ತಾನೆ" ಎಂದಳು ಅವ್ವ.

ಚಿಕ್ಕಪ್ಪ ನಮ್ಮ ಅಂಗಳ ತುಳಿದು ತಿಂಗಳುಗಳೇ ಆಗಿದ್ದವು.

ಅಪ್ಪ ನನ್ನತ್ತ ತಿರುಗಿ, "ಹೌದೇನವ್ವಾ?" ಎಂದ.

"ಹೂಂ" ಎಂದೆ.

ಅಪ್ಪನ ಮುಖ ಅರಳಿತು. "ಅವನನ್ನ ಚೆಂದಾಗಿ ನೋಡ್ಕಳ್ರಿ. ಬಲು ಮೆತ್ತನೋನು" ಎಂದ.